ಬೆಳಕು: ಹದವಾಗಿ

ಐಲಿ, ನಿನ್ನ ಚೀಟಿ ಇನ್ನೂ ಕುಂಡಕ್ಕೆ ಅಂಟಿಕೊಂಡಿದೆ.
'ನೀರು: ಬೆರಳಿಟ್ಟು ನೋಡು. ಬೆಳಕು: ಹದವಾಗಿ.'
ನೀರಿನ ಮಾತು ತಿಳಿಯಿತು,
ಬೆರಳು ನನಗೂ ಇದೆ.

ಆದರೆ ಹದ ಅಂದರೆ ಎಷ್ಟು?
ಇಪ್ಪತ್ತಾರು ವರ್ಷ ಗಣಿಯ ದೀಪದ ಕೋಣೆಯಲ್ಲಿ ಕೂತು
ಕಿಂಡಿಯೊಳಗೆ ಚಾಚಿದ ಕೈಗಳಿಗೆ
ತಲೆದೀಪ ಕೊಟ್ಟವಳು ನಾನು,
ನಂಬರು ಬರೆದು ಕೊಟ್ಟು, ಎಣಿಸಿ ವಾಪಸು ಪಡೆದವಳು.
ಒಬ್ಬನಿಗೆ ಒಂದು. ಪಾಳಿ ಮುಗಿಯುವವರೆಗೆ.
ಒಂದು ದೀಪ ಕಮ್ಮಿ ಬಂತೆಂದರೆ
ಒಬ್ಬ ಇನ್ನೂ ಕೆಳಗಿದ್ದಾನೆ.
ಹದ ಅನ್ನುವ ಖಾನೆ ನನ್ನ ಪುಸ್ತಕದಲ್ಲಿರಲಿಲ್ಲ.

ನೀನು ಮಾಲ್ಮೋಗೆ ಹೊರಟದ್ದು ಡಿಸೆಂಬರಿನಲ್ಲಿ,
ಕಿರುನಾಕ್ಕೆ ಸೂರ್ಯ ರಜೆ ಹಾಕಿದ ವಾರ.
ನಡುಹಗಲಿಗೆ ಒಂದಿಷ್ಟು ನೀಲಿ,
ಶಾಯಿ ಕುಡಿಕೆ ತೊಳೆದ ನೀರಿನಂಥದ್ದು,
ಆಮೇಲೆ ಅದೂ ಇಲ್ಲ.
ಸಂಜೆಗೆ ಎಲೆ ಮಡಚಿ ಮುಂಜಾನೆ ಬಿಡಿಸುವ ಗಿಡ ಅಂದಿದ್ದೆ.
ಇದಕ್ಕೆ ಮುಂಜಾನೆಯನ್ನು ಎಲ್ಲಿಂದ ತರಲಿ?

ತಂದೆ. ಅಂಗಡಿಯಿಂದ. ಬಿಳಿಯ ಟ್ಯೂಬು,
ಅರ್ಧ ಗೇಣು ಮೇಲೆ ಕಟ್ಟಿ
ಹಗಲೂ ರಾತ್ರಿ ಉರಿಸಿದೆ,
ಕೆಳಗಿಳಿದವನನ್ನು ಮರೆತಿಲ್ಲ ಅನ್ನುವ ಹಾಗೆ.
ಕೆಂಪು ನರಗಳೆಲ್ಲ ಬಿಳಿಚಿದವು.
ಎಲೆಗಳು ಸುರುಳಿಯಾಗಿ, ಮೂತಿ ತಿರುವಿ ನಿಂತವು.
ಒಂದು ಗೇಣು ಮೇಲಕ್ಕೆ ಸರಿಸಿದೆ.
ಇನ್ನೊಂದು ಗೇಣು.
ರಾತ್ರಿ ಆರಿಸಲು ಮಾತ್ರ ಕೈ ಬರಲಿಲ್ಲ.

ಮಾರ್ಚಿನಲ್ಲಿ ಸೂರ್ಯ ಬಂದ, ಊರೆಲ್ಲ
ಗೋಡೆಗೊರಗಿ ಕಣ್ಣು ಮುಚ್ಚಿ ಮುಖ ಕಾಯಿಸಿತು.
ಪಾಪ, ಇದೂ ಕಾಯಿಸಲಿ ಎಂದು
ತೆಂಕಣ ಕಿಟಕಿಯ ಹಲಗೆಗೆ ಏರಿಸಿದೆ.
ಮೇಲಿನಿಂದ ಬಂದದ್ದು ಸಾಲದೆಂದು
ಹಿಮವೂ ಕೆಳಗಿನಿಂದ ಎತ್ತಿ ಕೊಟ್ಟಿತು.
ಮೂರು ಎಲೆ ಸುಟ್ಟವು, ತೆಳುರೊಟ್ಟಿಯ ಅಂಚಿನ ಹಾಗೆ.
ನಿನಗೆ ಬರೆಯಲಿಲ್ಲ. ಈಗ ಬರೆದಿದ್ದೇನೆ.

ಆಗ ಕೆಳಮನೆಯ ಯಾಲ್ಮರ್ ಬಂದ, ಕಾಫಿಪುಡಿ ಕೇಳಲು.
ಗಣಿಯಲ್ಲಿ ಎರಡು ಬೆರಳು ಬಿಟ್ಟು ಬಂದವನು, ನಿನಗೆ ಗೊತ್ತಲ್ಲ.
ಗಿಡದ ಮೇಲೆ ಒಂದಡಿ ಎತ್ತರದಲ್ಲಿ
ಆ ಕೈಯನ್ನೇ ಹಿಡಿದ, ಆಶೀರ್ವಾದ ಮಾಡುವವನ ಹಾಗೆ.
'ಎಲೆ ನೋಡಬೇಡ, ನೆರಳು ನೋಡು' ಅಂದ.
'ಕತ್ತರಿಸಿಟ್ಟ ಹಾಗಿದ್ದರೆ ಬೆಳಕು ಹೆಚ್ಚಾಯಿತು.
ನೆರಳೇ ಬೀಳದಿದ್ದರೆ ಗಿಡ ಉಪವಾಸ.
ಕೈ ಅನ್ನುವುದು ತಿಳಿಯಬೇಕು,
ಬೆರಳೆಷ್ಟು ಅನ್ನುವುದು ತಿಳಿಯಬಾರದು.'
ಕುಂಡವನ್ನು ಕಿಟಕಿಯಿಂದ ಹಿಂದಕ್ಕೆ ತಳ್ಳುತ್ತ ಹೋದೆವು,
ಊಟದ ಮೇಜು ದಾಟಿ, ಕಪಾಟಿನ ಪಕ್ಕಕ್ಕೆ.
ಅಲ್ಲಿ ಅವನ ನೆರಳು ಅಂಚು ಕರಗಿ
ಎಲ್ಲರ ಕೈಯ ಹಾಗೆ ಕಂಡಿತು.
'ನನಗೂ ಇದೇ ಒಳ್ಳೆಯ ಬೆಳಕು' ಅಂದು ನಕ್ಕ.
ಕಾಫಿಪುಡಿ ಮರೆತು ಹೋದ.

ಇದು ಜೂನ್. ಈಗ ಕತ್ತಲೆಯೇ ಇಲ್ಲ.
ಅರ್ಧರಾತ್ರಿಯ ಬಿಸಿಲು ಹಾಸಿಗೆಯ ಮೇಲೆ ಬಂದು ಕೂರುತ್ತದೆ,
ಎದ್ದು ಹೋಗು ಅಂದರೆ ಹೋಗುವುದಿಲ್ಲ.
ಗಿಡ ಎಲೆ ಮಡಚುವುದನ್ನೇ ಮರೆತು
ಅರ್ಧ ಎತ್ತಿ, ಅರ್ಧ ಇಳಿಸಿ,
ಏನು ಹೇಳಲು ಬಂದೆ ಎಂದು ಮರೆತವರ ಹಾಗೆ ನಿಂತಿತ್ತು.
ಊರು ಸ್ಥಳಾಂತರವಾಗುತ್ತಿದೆ, ಡಬ್ಬಗಳಿಗೆ ಬರವಿಲ್ಲ.
'ಅಡುಗೆಮನೆ' ಎಂದು ಬರೆದ ರಟ್ಟಿನ ಡಬ್ಬವೊಂದನ್ನು
ರಾತ್ರಿ ಒಂಬತ್ತಕ್ಕೆ ಮಗುಚಿ ಮುಚ್ಚುತ್ತೇನೆ,
ಬೆಳಿಗ್ಗೆ ಆರಕ್ಕೆ ತೆಗೆಯುತ್ತೇನೆ.
ಇಷ್ಟು ವರ್ಷ ಬೆಳಕು ಹಂಚಿದವಳು, ಐಲಿ,
ಕತ್ತಲೆಯನ್ನು ಯಾರಿಗೂ ಕೊಟ್ಟಿರಲಿಲ್ಲ.
ಇಂದು ಐದನೆಯ ದಿನ. ಡಬ್ಬ ಎತ್ತಿದರೆ
ಎಲ್ಲ ಎಲೆಗಳೂ ನೆಟ್ಟಗೆ, ಜೋಡಿಸಿಟ್ಟ ಹಾಗೆ!
ಕಾಫಿ ಆರುವವರೆಗೂ ನೋಡುತ್ತ ಕೂತೆ,
ಒಂದೊಂದೇ ಇಳಿದವು. ಒಂದು ಮಾತ್ರ ಇಳಿಯಲಿಲ್ಲ.
ಇರಲಿ, ಅದಕ್ಕಿನ್ನೂ ನಿದ್ದೆ.

ಸೆಪ್ಟೆಂಬರಿಗೆ ನನಗೂ ಹೊಸ ಊರಿನಲ್ಲಿ ಮನೆ.
ಬಾಡಿಗೆ ಹೇಳಿದರು, ಒಲೆ ಯಾವ ಕಂಪನಿಯದು ಹೇಳಿದರು.
ಕಿಟಕಿ ಯಾವ ದಿಕ್ಕಿಗೆ ಎಂದರೆ
ಕಚೇರಿಯ ಹುಡುಗಿ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು.
ನಾಳೆ ಕೀಲಿ ಕೇಳಿ ಪಡೆದು
ಆ ಬರಿಯ ಕೋಣೆಯಲ್ಲಿ ಒಂದು ಗಳಿಗೆ
ಕೈ ಚಾಚಿ ನಿಂತು ಬರುತ್ತೇನೆ.
ಯಾಲ್ಮರನೂ ಬರುತ್ತಾನಂತೆ.